ಓನರ್ ಮನೆಗೆ ಫೋರ್ಸಿಲ್ಲ

ನರಕ ಚತುರ್ದಶಿಯ ದಿನ ಬೆಳಗಿನ ಜಾವ ಐದು ಗಂಟೆ. ಮೈಗೆಲ್ಲ ಎಳ್ಳೆಣ್ಣೆ, ತಲೆಗೆ ಸೀಗೆಪುಡಿ. ಹನ್ನೆರಡು ಇಂಚು ಅಗಲದ ಹೊಸ ಷವರಿನ ಕೆಳಗೆ ನಿಂತು, ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡಿದವನ ಹಾಗೆ ಮೇಲೆ ನೋಡುತ್ತಿದ್ದೆ. ಷವರಿನ ನೂರೆಂಬತ್ತು ತೂತುಗಳ ಪೈಕಿ ಹದಿನಾರರಲ್ಲಿ ನೀರು ಬರುತ್ತಿತ್ತು. ಎಣಿಸಿದ್ದೇನೆ. ಸೀಗೆಪುಡಿ ಕಣ್ಣಿಗಿಳಿಯುವ ತನಕ ಎಣಿಸಲು ಬೇಕಾದಷ್ಟು ಪುರುಸೊತ್ತಿತ್ತು. ಆಮೇಲೆ ಕಣ್ಣು ಮುಚ್ಚಿ, ಕೈಯಲ್ಲಿ ತಡವಿ, ಬಾಗಿಲು ಬೆರಳಷ್ಟು ತೆಗೆದು ಕೂಗಿದೆ. ಎಂಬತ್ತೆರಡು ವರ್ಷದ ಅಮ್ಮ ಬಾಗಿಲ ಸಂದಿನಲ್ಲಿ ಒಂದು ಬಕೆಟ್ಟು ಬಿಸಿನೀರು, ಒಂದು ತಾಮ್ರದ ಚೊಂಬು ನೂಕಿದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದೇ ಹೊತ್ತಿಗೆ ಕಟ್ಟಡದ ಡಕ್ಟಿನಲ್ಲಿ ಆಗುಂಬೆಯ ಮಳೆ ಶುರುವಾಯಿತು. ನೆಲಮಹಡಿಯ ಬಾಡಿಗೆದಾರ ಹುಡುಗನೂ ಎಣ್ಣೆನೀರಿಗೆ ಎದ್ದಿದ್ದ. ನೀರು ನೆಲಕ್ಕೆ ಅಪ್ಪಳಿಸುವ ಸದ್ದು, ನಡುವೆ ಅವನ ಸಿನಿಮಾ ಹಾಡು, ಎರಡೂ ಮೂರು ಮಹಡಿ ಹತ್ತಿ ಬಂದು ನಮ್ಮ ಬಚ್ಚಲಿನ ವೆಂಟಿಲೇಟರಿನಲ್ಲಿ ಇಣುಕಿದವು. ಅವನ ಷವರ್ರು ನಾನೇ ಹಾಕಿಸಿಕೊಟ್ಟದ್ದು. ಮುನ್ನೂರೈವತ್ತು ರೂಪಾಯಿಯ ಪ್ಲಾಸ್ಟಿಕ್ಕಿನದು. ನನ್ನದು 18,500.

ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟಿನ ಮೇಲೆ ಮನೆ ಕಟ್ಟಿದವರಿಗೆಲ್ಲ ಒಂದು ಶಾಸ್ತ್ರವಿದೆ. ಕೆಳಗಿನವು ಬಾಡಿಗೆಗೆ, ತುದಿಯದು ಓನರಿಗೆ. ಗಾಳಿ ಬೆಳಕು ಅಂತ ಬಾಯಲ್ಲಿ ಹೇಳುತ್ತೇವೆ. ನನ್ನ ಹೆಂಡತಿ ನಿಜವನ್ನೇ ಹೇಳಿದ್ದಳು: "ನಮ್ಮ ತಲೆ ಮೇಲೆ ಯಾರೂ ಓಡಾಡಬಾರದು ಕಣ್ರೀ." ಹಾಗಾಗಿ ನಾವು ಹತ್ತಿ ಕೂತೆವು. ನಕ್ಷೆ ಮಂಜೂರಾದದ್ದು ನೆಲಮಹಡಿ ಮತ್ತು ಮೇಲೆರಡು ಮಹಡಿಗೆ. ಮೂರನೆಯದು ಅಕ್ರಮ-ಸಕ್ರಮದ ಆಸೆಯಲ್ಲಿ ತಾನಾಗಿ ಬೆಳೆದದ್ದು. ಇದನ್ನು ಬರೆಯುವಾಗ ಕೈ ಸ್ವಲ್ಪ ನಡುಗುತ್ತದೆ, ಯಾಕೆಂದರೆ ನಾನು ಮೂವತ್ತೊಂದು ವರ್ಷ ಸರ್ಕಾರದ ಲೆಕ್ಕ ತಪಾಸಣೆಯಲ್ಲಿ ಇದ್ದವನು. ಊರವರ ಕಡತಗಳಲ್ಲಿ "ಅಗತ್ಯವನ್ನು ಪರಿಶೀಲಿಸದೆ ಖರೀದಿ ಮಾಡಲಾಗಿದೆ" ಎಂದು ಕೆಂಪು ಶಾಯಿಯಲ್ಲಿ ಬರೆದು ಪಿಂಚಣಿ ಸಂಪಾದಿಸಿದವನು.

ಈ ಷವರಿನ ಕಾಯಿಲೆ ಹತ್ತಿದ್ದು ಇಂಗ್ಲೆಂಡಿನಲ್ಲಿ. ಮಗ ರೆಡಿಂಗ್ ಊರಿನಲ್ಲಿದ್ದಾನೆ. ಅವನ ಬಾಡಿಗೆ ಮನೆ ಹಳೇ ಕಾಲದ್ದು, ಹೊರಗೆ ಇಟ್ಟಿಗೆ, ಒಳಗೆ ಕಿರ್ ಎನ್ನುವ ಮರದ ಮೆಟ್ಟಿಲು. ಬಚ್ಚಲ ಗೋಡೆಗೆ ಒಂದು ಬಿಳಿ ಡಬ್ಬಿ ಅಂಟಿಸಿದ್ದರು. ಗುಂಡಿ ಒತ್ತಿದರೆ ಅದು ಮಿಕ್ಸಿಯ ಹಾಗೆ ಗುಂಯ್ ಅಂತ ಎದ್ದು, ಬೆನ್ನಿಗೆ ನೀರನ್ನು ರಪರಪ ಬಾರಿಸುತ್ತಿತ್ತು. "ಇದು ಪವರ್ ಷವರ್ ಅಪ್ಪ" ಅಂದ ಮಗ. ಹದಿನೈದು ದಿನ ಅಲ್ಲಿದ್ದು ಹದಿನೈದು ದಿನವೂ ಎರಡೆರಡು ಸಲ ಸ್ನಾನ ಮಾಡಿದೆ. ಆ ಡಬ್ಬಿ ಅಲ್ಲಿಗೆ ಯಾಕೆ ಬಂತು ಅಂತ ಕೇಳುವ ಬುದ್ಧಿ ಮಾತ್ರ ಬರಲಿಲ್ಲ. ಮೂವತ್ತೊಂದು ವರ್ಷದ ತಪಾಸಣೆ ಬರೀ ಪರರ ಖರ್ಚಿಗೆ, ಸ್ವಂತ ಆಸೆಗೆ ಅದು ಅನ್ವಯವಾಗುವುದಿಲ್ಲ.

ಊರಿಗೆ ಬಂದ ವಾರವೇ ಶೋರೂಮಿಗೆ ಹೋದೆವು. ಈಗಿನ ಬಚ್ಚಲ ಸಾಮಾನಿನ ಅಂಗಡಿಗಳು ಒಡವೆ ಅಂಗಡಿಗಿಂತ ತಣ್ಣಗಿರುತ್ತವೆ. ಅಲ್ಲಿನ ಹುಡುಗಿ ಒಂದು ಹಿಡಿ ತಿರುಗಿಸಿದಳು, ಗಾಜಿನ ಹಿಂದೆ ಮಲೆನಾಡು ಇಳಿಯಿತು. ಕೆಳಗಿನ ಬೀರುವಿನೊಳಗೆ ಏನೋ ಗುಂಯ್‌ಗುಡುತ್ತಿತ್ತು. "ಅದೇನಮ್ಮ ಸದ್ದು?" ಅಂದೆ. "ಡೆಮೋ ಸಾರ್" ಅಂದಳು. ಕಡತದ ಹಿಂದೆ ಇಷ್ಟೇ ಸಣ್ಣ ಗುಂಯ್ ಕೇಳಿಸಿದರೂ ಬೆನ್ನು ಹತ್ತಿ ವರದಿ ಬರೆಯುತ್ತಿದ್ದವನು ಆ ಗಳಿಗೆಯಲ್ಲಿ ಕಿವುಡಾದೆ. ಕಾರ್ಡು ಉಜ್ಜಿದೆ. ದೀಪಾವಳಿಗೆ ಮುಂಚೆ ಬಚ್ಚಲಿನ ಹಳೇ ಟೈಲು ಒಡೆದು, ಸೂರಿನಿಂದ ಇಳಿಬಿಟ್ಟು ಕೂರಿಸಿದ್ದಾಯಿತು. ಮಿಕ್ಕದ್ದು ನಿಮಗೆ ಗೊತ್ತು.

ಹಬ್ಬದ ಮಾರನೆಯ ದಿನ ಪ್ಲಂಬರ್ ಬಂದ. ಪ್ಲಂಬರುಗಳಲ್ಲಿ ಒಂದು ಸಂಪ್ರದಾಯವಿದೆ. ನಲ್ಲಿ ತಿರುಗಿಸಿ ನೋಡುವುದಕ್ಕೂ ಮೊದಲು ತಲೆ ಅಲ್ಲಾಡಿಸಿ, "ಇದ್ಯಾರ್ ಸಾರ್ ಮಾಡಿದ್ದು?" ಎಂದು ಕೇಳಬೇಕು.

"ನೀನೇ ಕಣಪ್ಪ. ಹನ್ನೊಂದು ವರ್ಷದ ಹಿಂದೆ."

ಅವನು ಪೈಪನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಆಗ ಮೆಟೀರಿಯಲ್ ಸರಿ ಬರ್ತಿರ್ಲಿಲ್ಲ ಸಾರ್."

ಟೆರೇಸಿಗೆ ಹತ್ತಿ ಟ್ಯಾಂಕಿನ ಬೆನ್ನು ತಟ್ಟಿ ರೋಗ ಕಂಡುಹಿಡಿದ. ಸಾವಿರ ಲೀಟರಿನ ಟ್ಯಾಂಕು, ನೀರಿನ ವೇಯ್ಟ್ ಸಾಲದು. ಎರಡು ಸಾವಿರದ್ದು ಕೂರಿಸಿದರೆ ತಾನೇ ಒತ್ತಿಕೊಂಡು ಬರುತ್ತದೆ. ಕೇಳಲು ಎಷ್ಟು ನ್ಯಾಯವಾಗಿದೆ ನೋಡಿ! ಕೋಣ ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಗಾದೆ ನನ್ನಂಥವರಿಂದಲೇ ಹುಟ್ಟಿರಬೇಕು. ಹೊಸ ಟ್ಯಾಂಕು ಮೆಟ್ಟಿಲಿನಲ್ಲಿ ಹಿಡಿಸಲಿಲ್ಲ. ನಾಲ್ಕು ಜನ ಹಗ್ಗ ಹಾಕಿ, ಕರೆಂಟು ತಂತಿಗೆ ತಾಗದ ಹಾಗೆ ಹೊರಗಿನಿಂದ ಎಳೆದರು. ಇಡೀ ಬೀದಿ ರಥೋತ್ಸವ ನೋಡಿದ ಹಾಗೆ ನಿಂತು ನೋಡಿತು. ಟ್ಯಾಂಕು, ಹಗ್ಗ, ಆಳು, ಟೀ ಎಲ್ಲ ಸೇರಿ 17,000. ಸಂಜೆ ಷವರ್ ತಿರುಗಿಸಿದೆ. ಹದಿನಾರು ತೂತು.

ನೀರಿನ ಒತ್ತಡ ಲೆಕ್ಕಕ್ಕೆ ತೆಗೆದುಕೊಳ್ಳುವುದು ಆಳವನ್ನು. ಅಗಲ ಅದಕ್ಕೆ ಸಂಬಂಧವೇ ಇಲ್ಲ. ಬೆರಳು ದಪ್ಪದ ಕೊಳವೆಯಲ್ಲಿ ನಿಂತ ಹತ್ತು ಅಡಿ ನೀರೂ ಕೆರೆಯಲ್ಲಿ ನಿಂತ ಹತ್ತು ಅಡಿ ನೀರೂ ತಳವನ್ನು ಒತ್ತುವುದು ಒಂದೇ ಸಮ. ಹದಿನೇಳನೇ ಶತಮಾನದಲ್ಲಿ ಪ್ಯಾಸ್ಕಲ್ ಎಂಬ ಫ್ರೆಂಚ್ ಮಹಾಶಯ ಈ ಒತ್ತಡದ ಲೆಕ್ಕವನ್ನು ಸರಿಪಡಿಸಿ ಹೋದ. ಎಸ್ಸೆಸ್ಸೆಲ್ಸಿಯಲ್ಲಿ ಅವನ ನಿಯಮ ಬರೆದು ನಾನು ಅಂಕವನ್ನೂ ಗಿಟ್ಟಿಸಿದ್ದೆ. ಅಂಕ ಬಂದ ಮೇಲೆ ನಿಯಮವನ್ನು ಇಟ್ಟುಕೊಂಡು ಏನು ಮಾಡುವುದು? ದಪ್ಪ ಟ್ಯಾಂಕಿನಿಂದ ಆದ ಲಾಭ ಇಷ್ಟೇ: ತೊಟ್ಟಿಕ್ಕುವುದು ಎರಡರಷ್ಟು ಹೊತ್ತು ನಡೆಯುತ್ತದೆ.

ಎರಡನೇ ಪ್ಲಂಬರನ್ನು ಪಕ್ಕದ ಬೀದಿಯವರು ಕಳಿಸಿದರು. ಅವನೂ "ಇದ್ಯಾರ್ ಸಾರ್ ಮಾಡಿದ್ದು?" ಎಂಬ ಮಂಗಳಾಚರಣೆ ಮುಗಿಸಿದ. ಆದರೆ ಇವನಿಗೆ ಸ್ವಲ್ಪ ಕೆಲಸ ಗೊತ್ತಿತ್ತು. ಟ್ಯಾಂಕಿನಿಂದ ಒಂದಿಂಚಿನ ಪೈಪು ಹೊರಟು, ಪ್ಯಾರಾಪೆಟ್ಟಿನ ಬಳಿ ಮುಕ್ಕಾಲಿಗೆ ಇಳಿದು, ಬಚ್ಚಲ ಗೋಡೆಗೆ ಬರುವ ಹೊತ್ತಿಗೆ ಅರ್ಧ ಇಂಚಾಗಿತ್ತು. ನಡುವೆ ಒಂಬತ್ತು ಎಲ್ಬೋ. ಸರ್ಕಾರಿ ಅನುದಾನ ದೆಹಲಿಯಿಂದ ಗ್ರಾಮ ಪಂಚಾಯಿತಿಗೆ ಇಳಿಯುವ ದಾರಿ ಕಣ್ಣ ಮುಂದೆ ಬಂತು. ಪೈಪಿನ ಅಡ್ಡಳತೆ ಅರ್ಧಕ್ಕಿಳಿದರೆ ಹರಿವೂ ಅರ್ಧಕ್ಕೆ ನಿಲ್ಲುತ್ತದೆ ಅಂದುಕೊಂಡಿದ್ದೆ; ಅದು ಕಾಲುಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಎಲ್ಬೋ ಒಂದೊಂದೂ ತನ್ನ ಪಾಲು ಮುರಿದುಕೊಂಡೇ ಮುಂದೆ ಬಿಡುತ್ತದೆ. ಅಲ್ಲದೆ ಟ್ಯಾಂಕಿನ ಬುಡದ ಗೇಟ್ ವಾಲ್ವಿನ ಹಿಡಿ ಪೂರ್ತಿ ತಿರುಗುತ್ತಿದ್ದರೂ ಒಳಗಿನ ನಾಲಗೆ ತುಕ್ಕು ಹಿಡಿದು ಅರ್ಧಕ್ಕೇ ಕಚ್ಚಿಕೊಂಡಿತ್ತು. ಹೊರಗಿನಿಂದ ನೋಡಿದರೆ ಪೂರಾ ತೆರೆದಿದೆ. ಈ ಜಾತಿಯ ಅಧಿಕಾರಿಗಳನ್ನು ನಾನು ಕಂಡಿದ್ದೇನೆ.

ಏರ್ ಪೈಪಿನ ಕತೆಯೂ ಇತ್ತು. ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳದಿರಲಿ ಅಂತ ಮೇಲಕ್ಕೊಂದು ಕೊಳವೆ ಬಿಟ್ಟಿರುತ್ತಾರೆ. ಪಾರಿವಾಳದ ಗಲೀಜು ಬೀಳುತ್ತದೆಂದು ಅದರ ಬಾಯಿಗೆ ಬಿರಡೆ ಜಡಿದವನು ನಾನೇ. ಪ್ಲಂಬರಿನ ಜೊತೆಯ ಹುಡುಗ ಬಿರಡೆ ಕಿತ್ತು, ಬಚ್ಚಲ ಕಡೆಯ ಪೈಪಿಗೆ ಬಾಯಿಟ್ಟು ಕೆನ್ನೆ ಉಬ್ಬಿಸಿ ಊದಿದ. ಮೇಲೆ ಟ್ಯಾಂಕಿನಲ್ಲಿ ಗುಳುಗುಳು ಅಂತ ಎಮ್ಮೆ ಮುಳುಗಿ ಎದ್ದ ಸದ್ದು. ಅಷ್ಟಕ್ಕೆಲ್ಲ 6,200.

ತೂತುಗಳ ವಿಷಯ ನನ್ನ ಹೆಂಡತಿಯೇ ಬಗೆಹರಿಸಿದಳು. ನಮ್ಮದು ಅರ್ಧ ಕಾವೇರಿ, ಅರ್ಧ ಬೋರು. ಬೋರಿನ ನೀರು ಪರೀಕ್ಷೆಗೆ ಕೊಟ್ಟಾಗ ಗಡಸುತನ ಲೀಟರಿಗೆ 420 ಮಿಲಿಗ್ರಾಂ ಬಂದಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿಕೊಟ್ಟ ಮಿತಿ 200. ಬೇರೆ ನೀರಿನ ಗತಿ ಇಲ್ಲದವರಿಗೆ 600ರವರೆಗೆ ಮಾಫಿ. ಬೇರೆ ಗತಿಯಿಲ್ಲ ಎಂಬುದನ್ನೇ ಮಾನದಂಡದಲ್ಲಿ ಸೇರಿಸಿದ ಆ ಪುಣ್ಯಾತ್ಮರು ಬೆಂಗಳೂರನ್ನು ನೋಡಿಯೇ ಬರೆದಿರಬೇಕು. ಆ ಸುಣ್ಣವೆಲ್ಲ ಷವರಿನ ತೂತುಗಳಲ್ಲಿ ಕೂತಿತ್ತು. ಮೂರು ವಾರ ಬಳಸಿದ್ದಕ್ಕೆ ಅಂಚೆಲ್ಲ ಬೆಳ್ಳಗಾಗಿತ್ತು. ಹೆಂಡತಿ ಪ್ಲಾಸ್ಟಿಕ್ ಚೀಲದಲ್ಲಿ ಅಡುಗೆಯ ವಿನಿಗರ್ ಸುರಿದು, ಷವರಿನ ಮುಖ ಅದರಲ್ಲಿ ಮುಳುಗುವಂತೆ ರಬ್ಬರ್ ಬ್ಯಾಂಡು ಹಾಕಿ ಕಟ್ಟಿ, ರಾತ್ರಿಯೆಲ್ಲ ಬಿಟ್ಟಳು. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಹದಿನಾರು ತೂತು ಅರವತ್ತೊಂದಾದವು. ವಿನಿಗರಿಗೆ 60 ರೂಪಾಯಿ. ಇಡೀ ಕಾಮಗಾರಿಯಲ್ಲಿ ಖರ್ಚಿಗೆ ತಕ್ಕ ಫಲ ಕೊಟ್ಟದ್ದು ಇದೊಂದೇ, ಮತ್ತು ಇದೊಂದಕ್ಕೇ ಯಾರೂ ಬಿಲ್ಲು ಬರೆದುಕೊಡಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಅರವತ್ತೊಂದು ತೂತಿನ ನೀರು ಸ್ನಾನಕ್ಕೆ ಸಾಕಿತ್ತು. ಆದರೆ ಡಕ್ಟಿನಲ್ಲಿ ದಿನಾ ಬೆಳಿಗ್ಗೆ ಆಗುಂಬೆ ಕೇಳಿಸುತ್ತಿತ್ತಲ್ಲ.

ಮೂರನೆಯವನು ತನ್ನನ್ನು ಪ್ಲಂಬರ್ ಅಂತ ಕರೆದುಕೊಳ್ಳಲಿಲ್ಲ. "ಸೊಲ್ಯೂಷನ್ಸ್" ಅಂದ. ಅಂಗಿಯ ಜೇಬಿನಲ್ಲಿ ಪೆನ್ನಿತ್ತು, ಪಾನ ಹಿಡಿಯಲು ಬೇರೆ ಹುಡುಗನಿದ್ದ. ಸಮಸ್ಯೆ ಕೇಳಿ ಮುಗಿಯುವ ಮೊದಲೇ ಪ್ರೆಶರ್ ಪಂಪಿನ ಪುಸ್ತಕ ತೆಗೆದ. ಅರ್ಧ ಎಚ್‌ಪಿ, 14,800, ಕೂರಿಸಲು 2,500. ಟ್ಯಾಂಕಿನ ಪಕ್ಕ ಗೂಡು ಕಟ್ಟಿ, ತಣ್ಣೀರಿನ ಪೈಪಿಗೆ ಜೋಡಿಸಿದ. ನಲ್ಲಿ ತಿರುಗಿಸಿದರೆ ತಾನಾಗಿ ಓಡುತ್ತದೆ, ಮುಚ್ಚಿದರೆ ತಾನಾಗಿ ನಿಲ್ಲುತ್ತದೆ. "ಆಟೋಮೆಟಿಕ್ ಸಾರ್, ನೀವು ಏನೂ ಮಾಡೋ ಹಾಗಿಲ್ಲ."

ನಿಜ, ಏನೂ ಮಾಡುವ ಹಾಗಿರಲಿಲ್ಲ. ಷವರ್ ತಿರುಗಿಸಿದೆ, ಪಂಪು ಮಲಗೇ ಇತ್ತು.

ಅದರೊಳಗೆ ಫ್ಲೋ ಸ್ವಿಚ್ ಅಂತ ಇರುತ್ತದೆ. ಪೈಪಿನಲ್ಲಿ ನೀರು ಒಂದು ಮಟ್ಟಕ್ಕೆ ಹರಿದರೆ ಅದು ಅಲುಗಾಡಿ ಮೋಟರಿಗೆ ಸೂಚನೆ ಕೊಡುತ್ತದೆ. ಅಂದರೆ ನೀರು ಜೋರಾಗಿ ಬರಲು ಪಂಪು ಓಡಬೇಕು. ಪಂಪು ಓಡಲು ನೀರು ಮೊದಲೇ ತಕ್ಕಮಟ್ಟಿಗೆ ಜೋರಾಗಿ ಬರುತ್ತಿರಬೇಕು. ನಮ್ಮ ಇಲಾಖೆಯಲ್ಲಿ ಇದು ಹೊಸದಲ್ಲ. ಅನುದಾನ ಬೇಕೇ? ಹೋದ ವರ್ಷದ ಅನುದಾನದ ಬಳಕೆ ಪ್ರಮಾಣಪತ್ರ ತನ್ನಿ. ಹೋದ ವರ್ಷ ಅನುದಾನವೇ ಬಂದಿಲ್ಲವಲ್ಲ ಸ್ವಾಮಿ? ಹಾಗಿದ್ದರೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಅನುದಾನವಿಲ್ಲ. ಇಂಥ ಎಷ್ಟೋ ಸುತ್ತೋಲೆಗಳಿಗೆ ಅಡಿಗೆರೆ ಎಳೆದು ಸಮರ್ಥಿಸಿದವನು ನಾನು. ಪಾಪ ಒಂದು ಪಂಪಿನ ರೂಪದಲ್ಲಿ ವಾಪಸು ಬಂದಿತ್ತು.

ಸೊಲ್ಯೂಷನ್ಸಿನವನಿಗೆ ಫೋನು ಮಾಡಿದೆ. ಅದಕ್ಕೊಂದು ಉಪಾಯ ಹೇಳಿಕೊಟ್ಟ. ಮೊದಲು ಷವರಿನ ಕೆಳಗಿನ ಬಕೆಟ್ಟಿನ ನಲ್ಲಿ ಬಿಡಬೇಕು, ಅದು ತಗ್ಗಿನಲ್ಲಿರುವುದರಿಂದ ನೀರು ಸ್ವಲ್ಪ ಜೋರಾಗಿ ಬರುತ್ತದೆ, ಪಂಪು ಎಚ್ಚರಾಗುತ್ತದೆ, ಎದ್ದ ತಕ್ಷಣ ಡೈವರ್ಟರ್ ಎಳೆದು ಷವರಿಗೆ ತಿರುಗಿಸಬೇಕು. ಕುಂಭಕರ್ಣನ ಮೂಗಿಗೆ ಅನ್ನದ ವಾಸನೆ ಹಿಡಿದು ಎಬ್ಬಿಸಿದ ಹಾಗೆ. ಸೋಪು ಹಚ್ಚಿಕೊಳ್ಳಲು ನಡುವೆ ನೀರು ನಿಲ್ಲಿಸಿದರೆ ಮತ್ತೆ ಮಲಗುತ್ತದೆ, ಮತ್ತೆ ಬಗ್ಗಿ ಎಬ್ಬಿಸಬೇಕು. ನಮ್ಮ ಮನೆಯಲ್ಲಿ ಬಕೆಟ್ಟಿನ ನಲ್ಲಿ ಮುಟ್ಟದೆ ಷವರಿನ ಸ್ನಾನ ಸಾಧ್ಯವಿಲ್ಲವೆಂದಾಯಿತು. ಅಮ್ಮ ಅದೇ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು, ನಾನು ಪಂಪು ಎಬ್ಬಿಸುವಷ್ಟರಲ್ಲಿ ತಮ್ಮ ಸ್ನಾನ ಮುಗಿಸಿ ಮಡಿಯುಟ್ಟು ದೇವರ ಮನೆ ಸೇರುತ್ತಿದ್ದರು.

ಆದರೂ ಒಮ್ಮೆ ಎದ್ದ ಮೇಲೆ ಆ ಪಂಪಿನ ಮಹಿಮೆ ಹೇಳಬೇಕು. ಧನುರ್ಮಾಸದ ಒಂದು ಬೆಳಿಗ್ಗೆ ಡೈವರ್ಟರ್ ಎಳೆದೆ. ಮಳೆ! ರೆಡಿಂಗಿನ ಮಳೆ! ಬೆನ್ನಿನ ಮೇಲೆ ಮೃದಂಗ. ಬಿಸಿನೀರಿನ ಕಡೆಗೂ ಹಿಡಿ ಹೊರಳಿಸಿ, ಹದ ಬರಲಿ ಅಂತ ಕಣ್ಣು ಮುಚ್ಚಿ ನಿಂತೆ. ಹದ ಬರಲಿಲ್ಲ. ಮೂರು ನಿಮಿಷಕ್ಕೆ ಮೊದಲನೇ ಮಹಡಿಯವರ ಫೋನು ಬಂತು. "ಅಂಕಲ್, ಮೇಲಿಂದ ಬಿಸಿನೀರು ಸುರೀತಾ ಇದೆ. ಒಣ ಹಾಕಿದ ಬಟ್ಟೆ ಮೇಲೆಲ್ಲ ಬೀಳ್ತಿದೆ. ಸೋಲಾರ್ ಒಡೆದಿದೆಯಾ?"

ಸೋಲಾರ್ ಒಡೆದಿರಲಿಲ್ಲ. ನಡೆದದ್ದು ಹೀಗೆ. ಸೋಲಾರಿನ ಬಿಸಿನೀರು ತನ್ನ ಪಾಡಿಗೆ ಎತ್ತರದಿಂದ ಮೆಲ್ಲಗೆ ಇಳಿದು ಬರುತ್ತದೆ, ಅದಕ್ಕೆ ಪಂಪಿನ ಬಲವಿಲ್ಲ. ತಣ್ಣೀರಿನ ಬೆನ್ನಿಗೆ ಅರ್ಧ ಎಚ್‌ಪಿ ಇದೆ. ಎರಡೂ ಡೈವರ್ಟರಿನೊಳಗೆ ಭೇಟಿಯಾದಾಗ ತಣ್ಣೀರು ಬಿಸಿನೀರಿನ ಕತ್ತಿನ ಪಟ್ಟಿ ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ನೂಕಿತು. ನೂಕಿಸಿಕೊಂಡ ಬಿಸಿನೀರು ಪೈಪು ಹತ್ತಿ, ಸೋಲಾರಿನ ಟ್ಯಾಂಕು ತುಂಬಿ, ಅದರ ಗಾಳಿಕೊಳವೆಯಿಂದ ಉಕ್ಕಿ, ಟೆರೇಸಿನ ಮೂಲೆಯಿಂದ ಮೊದಲನೇ ಮಹಡಿಯವರ ಸೀರೆಗಳ ಮೇಲೆ ಬಿತ್ತು. ನಾನು ತಣ್ಣೀರಿನಲ್ಲಿ ನಡುಗುತ್ತಿದ್ದೆ, ಅವರ ಬಟ್ಟೆಗಳಿಗೆ ಅಭ್ಯಂಜನವಾಗುತ್ತಿತ್ತು.

ಸೊಲ್ಯೂಷನ್ಸಿನವನು ಬಂದು ಬಿಸಿನೀರಿನ ಪೈಪಿಗೆ ಎನ್‌ಆರ್‌ವಿ ಹಾಕಿದ, 1,900. ಅದು ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು. ಈಗ ಬಿಸಿನೀರು ಹಿಂದಕ್ಕೆ ಹೋಗುವುದಿಲ್ಲ. ತಣ್ಣೀರಿನ ಎದುರು ಮುಂದಕ್ಕೂ ಬರುವುದಿಲ್ಲ. ನಡುವೆ ನಿಂತಿರುತ್ತದೆ. ಫೋರ್ಸು ಬೇಕೆಂದರೆ ಬಿಸಿಯಿಲ್ಲ, ಬಿಸಿ ಬೇಕೆಂದರೆ ಪಂಪಿನ ಸ್ವಿಚ್ಚು ಆರಿಸಿ ಮೊದಲಿನ ಹಾಗೆ ತೊಟ್ಟಿಕ್ಕಿಸಿಕೊಳ್ಳಬೇಕು.

ಮಗನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಆಗಷ್ಟೇ ತನ್ನ ಮನೆಯ ಮೇಸ್ತ್ರಿಯನ್ನು ಕೇಳಿ ತಿಳಿದುಕೊಂಡಿದ್ದ. ಇಂಗ್ಲೆಂಡಿನ ಹಳೇ ಮನೆಗಳಲ್ಲೂ ನಮ್ಮ ಹಾಗೇ ಟ್ಯಾಂಕು ಇರುತ್ತದಂತೆ, ಅಟ್ಟದ ಮೇಲೆ. ಅದರ ಕೆಳಗಿನ ಮಹಡಿಯಲ್ಲೇ ಬಚ್ಚಲು. ಅವರಿಗೂ ಫೋರ್ಸಿಲ್ಲ! ಆ ಬಡತನಕ್ಕೇ ಹುಟ್ಟಿದ್ದು ಪವರ್ ಷವರ್. ತಣ್ಣೀರು, ಬಿಸಿನೀರು ಎರಡಕ್ಕೂ ಮೂಲ ಅಟ್ಟದ ಒಂದೇ ಟ್ಯಾಂಕು, ಎರಡೂ ಸರಿಸಮನಾದ ಒತ್ತಡದಲ್ಲಿ ಆ ಬಿಳಿ ಡಬ್ಬಿಗೆ ಬರುತ್ತವೆ, ಡಬ್ಬಿಯೊಳಗಿನ ಪಂಪು ಎರಡನ್ನೂ ಒಟ್ಟಿಗೆ ದಬ್ಬುತ್ತದೆ. ಬೀದಿಯ ನೀರಿನ ಪೈಪಿಗೆ ಅದನ್ನು ನೇರವಾಗಿ ಜೋಡಿಸುವ ಹಾಗಿಲ್ಲ. ಅಂದರೆ ನಾನು ಹದಿನೈದು ದಿನ ಮೈಮರೆತದ್ದು ನಮ್ಮನೆಯದೇ ರೋಗಕ್ಕೆ ಅವರು ಮಾಡಿಕೊಂಡ ಮದ್ದಿನಲ್ಲಿ. ರೋಗವನ್ನು ಅಲ್ಲೇ ಬಿಟ್ಟು ಮದ್ದಿನ ಶೀಶೆಯ ಚೀಟಿ ಮಾತ್ರ ಹೊತ್ತುಕೊಂಡು ಬಂದಿದ್ದೆ.

ಇಷ್ಟರ ನಡುವೆ ಒಂದು ವಿಷಯ ಹೇಳದಿದ್ದರೆ ಆತ್ಮಸಾಕ್ಷಿ ಒಪ್ಪುವುದಿಲ್ಲ. 2024ರ ಮಾರ್ಚಿನಲ್ಲಿ ಈ ನಗರ ಟ್ಯಾಂಕರಿನ ಹಿಂದೆ ಓಡಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶಿಸಿತು. ಮಾಲು, ಹೋಟೆಲು, ಅಪಾರ್ಟ್‌ಮೆಂಟುಗಳು ನಲ್ಲಿಗಳಿಗೆ ಏರೇಟರ್ ಹಾಕಲೇಬೇಕೆಂದಿತು. ನೀರಿಗೆ ಗಾಳಿ ಬೆರೆಸಿ, ಕಡಿಮೆ ನೀರನ್ನೇ ಜಾಸ್ತಿ ಅನ್ನಿಸುವಂತೆ ಮಾಡುವ ಜಾಲರಿ ಅದು. ನಾಗರಿಕ ಪ್ರಜ್ಞೆ ಉಕ್ಕಿ ನಾನೂ ಮನೆಯ ಎಲ್ಲ ನಲ್ಲಿಗೂ ಹಾಕಿಸಿದ್ದೆ, ಬಂದವರಿಗೆಲ್ಲ ತಿರುಗಿಸಿ ತೋರಿಸಿದ್ದೆ. ಅದೇ ಮನೆಯ ಟೆರೇಸಿನಲ್ಲಿ ಈಗ ಹರಿವು ಹೆಚ್ಚಿಸುವ ಪಂಪು. ಒಂದು ಕೈ ನೀರಿನ ಕತ್ತು ಹಿಸುಕುತ್ತದೆ, ಇನ್ನೊಂದು ಅದರ ಬೆನ್ನಿಗೆ ಗುದ್ದುತ್ತದೆ.

ನನ್ನ ಷವರಿನ ಪೆಟ್ಟಿಗೆಯ ಮೇಲೆ ನಿಮಿಷಕ್ಕೆ 18 ಲೀಟರ್ ಅಂತ ಹೆಮ್ಮೆಯಿಂದ ಅಚ್ಚಾಗಿದೆ. ಎಂಟು ನಿಮಿಷಕ್ಕೆ 144 ಲೀಟರ್. ನಗರದ ಒಬ್ಬ ಮನುಷ್ಯನಿಗೆ ಕುಡಿಯಲು, ಅಡುಗೆಗೆ, ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ, ಕಕ್ಕಸಿಗೆ ಎಲ್ಲ ಸೇರಿ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಲೆಕ್ಕ. ಆ ನೀರಾದರೂ ಎಲ್ಲಿಯದು? ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಇನ್ನೊಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪು ಮಾಡಿ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ ತಂದ ಕಾವೇರಿ. 1974ರಿಂದ ಹೀಗೇ ಏರುತ್ತಿದ್ದಾಳೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಏರಿಸುವ ಏರ್ಪಾಡಾಯಿತು. ಏದುಸಿರು ಬಿಡುತ್ತ ನಮ್ಮ ಸಂಪಿಗೆ ಬಂದು ಬಿದ್ದವಳನ್ನು ಮೋಟರು ಟೆರೇಸಿಗೆ ಎತ್ತುತ್ತದೆ. ಅಲ್ಲಿಂದ ನಾಲ್ಕೂವರೆ ಅಡಿ ಕೆಳಗಿರುವ ನನ್ನ ಷವರಿಗೆ ಬೀಳಿಸಲು ಐದನೇ ಪಂಪು.

ನಾಲ್ಕೂವರೆ ಅಡಿ ಎಂಬುದು ನನಗೆ ಗೊತ್ತಾದದ್ದು ಸಂಕ್ರಾಂತಿ ಕಳೆದ ಮೇಲೆ. ಹಳೇ ಪೇಪರು ತುಂಬಿಡಲು ಷವರಿನ ಖಾಲಿ ಪೆಟ್ಟಿಗೆ ತೆಗೆದಾಗ ಮಗ್ಗುಲಲ್ಲಿ ಇರುವೆ ಸಾಲಿನಂಥ ಅಕ್ಷರ ಕಂಡಿತು. ಕನ್ನಡಕ ಹಾಕಿ ಓದಿದೆ: ಕನಿಷ್ಠ ಒತ್ತಡ 1 ಬಾರ್. ಒಂದು ಬಾರ್ ಅಂದರೆ ಸುಮಾರು ಹತ್ತು ಮೀಟರ್ ಎತ್ತರದ ನೀರು, 33 ಅಡಿ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದುಕೊಂಡು, ನಿವೃತ್ತಿಯಾದ ಮೇಲೆ ಮೊದಲ ಸಲ ತಪಾಸಣೆಗೆ ಹೊರಟೆ.

ನಮ್ಮ ಬಚ್ಚಲ ನೆಲದಿಂದ ಷವರಿಗೆ ಏಳೂವರೆ ಅಡಿ. ಅದೇ ನೆಲದಿಂದ, ತಾರಸಿಯ ಮೇಲಿನ ಇಟ್ಟಿಗೆ ಕಟ್ಟೆಯೂ ಸೇರಿ, ಟ್ಯಾಂಕಿನ ತಳಕ್ಕೆ ಹನ್ನೆರಡು ಅಡಿ. ವ್ಯತ್ಯಾಸ ನಾಲ್ಕೂವರೆ. ಬೇಕಾದದ್ದು ಮೂವತ್ತಮೂರು. ಟ್ಯಾಂಕನ್ನು ಇನ್ನೂ ಮೂರು ಮಹಡಿಯಷ್ಟು ಮೇಲೆ ಎತ್ತಿದರೆ ಸರಿಹೋದೀತು. ನಕ್ಷೆಯಲ್ಲಿಲ್ಲದ ಮಹಡಿಯ ಮೇಲೆ ನಕ್ಷೆಯಲ್ಲಿಲ್ಲದ ಗೋಪುರ. ಆಮೇಲೆ ಮೆಟ್ಟಿಲಿಳಿದು ನೆಲಮಹಡಿಗೆ ಹೋದೆ. ಹುಡುಗ ಬಾಗಿಲು ತೆಗೆದ, ಟೇಪು ಹಿಡಿದ ಓನರನ್ನು ನೋಡಿ ಬಾಡಿಗೆ ಏರಿಸುತ್ತಾರೇನೋ ಅಂತ ಮುಖ ಸಣ್ಣದು ಮಾಡಿದ. ಅವನ ಷವರು ನೆಲದಿಂದ ಆರೂವರೆ ಅಡಿ. ಮಹಡಿಗೆ ಹತ್ತರಂತೆ ಮೂವತ್ತು, ಮೇಲಿನ ಹನ್ನೆರಡು, ಅದರಲ್ಲಿ ಆರೂವರೆ ಕಳೆದರೆ ಮೂವತ್ತೈದೂವರೆ ಅಡಿ.

ಮಂಜೂರಾದ ನಕ್ಷೆ, ವಾಸ್ತು, ಓನರಿನ ಅಂತಸ್ತು ಯಾವುದನ್ನೂ ಕೇಳದ ನೀರು, ನನ್ನ 18,500 ರೂಪಾಯಿಯ ಷವರಿಗೆ ಬೇಕಾದ ಒತ್ತಡವನ್ನು ಇಡೀ ಕಟ್ಟಡದಲ್ಲಿ ಒಬ್ಬನಿಗೆ ಮಾತ್ರ ಪುಕ್ಕಟೆ ಕೊಡುತ್ತಿತ್ತು. ತಿಂಗಳ ಐದನೇ ತಾರೀಕಿಗೆ ಬಾಡಿಗೆ ಕೊಡುವವನಿಗೆ. ನಾನು ಎಷ್ಟೆತ್ತರ ಹತ್ತಿದೆನೋ ಅಷ್ಟನ್ನೂ ಅದು ನನ್ನ ಲೆಕ್ಕದಿಂದ ಕಳೆದು ಅವನ ಲೆಕ್ಕಕ್ಕೆ ಜಮಾ ಮಾಡಿತ್ತು.

ಲೆಕ್ಕ ಮುಗಿಸುತ್ತೇನೆ. ಒಟ್ಟು ವೆಚ್ಚ 60,960 ರೂಪಾಯಿ. ಕೊನೆಯ ಅರವತ್ತು ವಿನಿಗರಿನದ್ದು, ಅದಕ್ಕೆ ಆಕ್ಷೇಪಣೆಯಿಲ್ಲ. ಮೇಲಿನ ಮಹಡಿಯಲ್ಲಿರುವ ಸಹ-ಓನರುಗಳೇ, ಶೋರೂಮಿಗೆ ಹೋಗುವ ಮುಂಚೆ ಟೇಪು ಹಿಡಿದು ಟ್ಯಾಂಕಿನ ತಳಕ್ಕೂ ಷವರ್ ಕೂರುವ ಜಾಗಕ್ಕೂ ಎಷ್ಟು ಅಡಿ ಅಂತ ಅಳೆಯಿರಿ. ಐದಾರು ಅಡಿಯಷ್ಟೇ ಇದ್ದರೆ ಸೂರಿನ ಮಳೆ ಮರೆತು, ಕಡಿಮೆ ಒತ್ತಡಕ್ಕೇ ಮಾಡಿದ ಸಣ್ಣ ಷವರನ್ನು ಭುಜದ ಮಟ್ಟಕ್ಕೆ ಹಾಕಿಸಿ, ಪೈಪು ಕೊನೆಯವರೆಗೂ ದಪ್ಪವಿರಲಿ. ಪಂಪೇ ಬೇಕೆಂದರೆ ಬಿಸಿ-ತಣ್ಣೀರು ಎರಡನ್ನೂ ಸಮನಾಗಿ ದಬ್ಬುವಂಥದು ಸಿಗುತ್ತದೆ. ಎಷ್ಟು ಕಡಿಮೆ ಹರಿವಿಗೆ ಅದು ಏಳುತ್ತದೆ ಅಂತ ಕೊಳ್ಳುವ ಮುಂಚೆ ಕೇಳಿ.

ನೆಲಮಹಡಿಯ ಹುಡುಗ ಸ್ವಂತ ಫ್ಲ್ಯಾಟು ಕೊಂಡಿದ್ದಾನೆ, ಮೇ ಕೊನೆಗೆ ಖಾಲಿ ಮಾಡುತ್ತಾನೆ. ಹದಿನಾಲ್ಕನೇ ಮಹಡಿಯಂತೆ, ವ್ಯೂ ತುಂಬ ಚೆನ್ನಾಗಿದೆಯಂತೆ. ನಾನು ಏನೂ ಹೇಳಲಿಲ್ಲ. ಜೂನಿನಲ್ಲಿ ನಾವು ಕೆಳಗಿಳಿಯುತ್ತಿದ್ದೇವೆ. ಆ ಮುನ್ನೂರೈವತ್ತು ರೂಪಾಯಿಯ ಷವರನ್ನು ಕಿತ್ತುಕೊಂಡು ಹೋಗಬೇಡ ಅಂತ ಅವನಿಗೆ ಎರಡು ಸಲ ಹೇಳಿದ್ದೇನೆ. ಅಮ್ಮ ಚೊಂಬನ್ನು ಆಗಲೇ ಹುಣಿಸೆಹಣ್ಣು ಹಚ್ಚಿ ಬೆಳಗಿಟ್ಟಿದ್ದಾರೆ.

ಹೀಗಾಗಿ ಜೂನ್ ಒಂದರಿಂದ ಮೂರನೇ ಮಹಡಿ ಬಾಡಿಗೆಗಿದೆ. ಎರಡು ಬೆಡ್‌ರೂಮು, ಗಾಳಿ ಬೆಳಕು ಧಾರಾಳ, ತಲೆಯ ಮೇಲೆ ಯಾರೂ ಓಡಾಡುವುದಿಲ್ಲ, ಬಚ್ಚಲಲ್ಲಿ ಹೊಚ್ಚಹೊಸ ಮಳೆ ಷವರ್. ನೋಡಬೇಕೆನ್ನುವವರು ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಬನ್ನಿ. ಸ್ನಾನ ಮುಗಿಸಿಕೊಂಡು ಬನ್ನಿ.